ಕಲಿಸಲಾಗಿದೆ ಎಂಬ ಕಾಗದ

ನಾನು ಕುಡಿದಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮೇಸ್ತ್ರಿಯ ರಿಜಿಸ್ಟರಿನಲ್ಲಿ ಆ ದಿನದ ಪುಟ ತೆಗೆದರೆ 'ಕುಡಿದು ಕೆಲಸಕ್ಕೆ ಬಂದು ಯಂತ್ರದ ಮೇಲೆ ಬಿದ್ದಳು' ಎಂದು ಇದೆ. ಬೆಳಗಿನ ಹತ್ತು ಗಂಟೆಗೆ ಮೈಯೆಲ್ಲ ಬೆವೆತು, ನಾಲಿಗೆ ತೊದಲಿ, ಕಾಲು ನಿಲ್ಲದೆ ಬಿದ್ದ ಹೆಂಗಸನ್ನು ನೋಡಿ ಅವರಿಗೆ ಹೊಳೆದದ್ದು ಅದೊಂದೇ. ಜನ್ಮದಲ್ಲಿ ನಾನು ಒಂದು ತೊಟ್ಟು ಮುಟ್ಟಿದವಳಲ್ಲ. ಮುಟ್ಟಿದ್ದರೂ ಅವರಪ್ಪನ ಗಂಟೇನೂ ಹೋಗುತ್ತಿರಲಿಲ್ಲ. ಆ ದಿನ ನನ್ನನ್ನು ಕೆಡವಿದ್ದು ನಾನು ದುಡಿಯುವ ಆಸ್ಪತ್ರೆಯವರೇ ಬರೆದುಕೊಟ್ಟ ಸೂಜಿ.

ನಾನು ಕೆಲಸ ಮಾಡುವುದು ಒಂದು ದೊಡ್ಡ ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ವಿಭಾಗದಲ್ಲಿ. ಅಲ್ಲಿ ಎರಡು ಬದಿ ಇವೆ. ಒಂದು ಕೊಳೆ ಬದಿ, ಒಂದು ಶುಚಿ ಬದಿ. ನಡುವೆ ಗೋಡೆ. ಒಗೆಯುವ ಯಂತ್ರಗಳನ್ನು ಆ ಗೋಡೆಯಲ್ಲೇ ಕೂರಿಸಿದ್ದಾರೆ. ರಕ್ತ, ಕೀವು, ಹೇಲು, ಉಚ್ಚೆ ಆದ ಬಟ್ಟೆ ಆ ಬದಿಯ ಬಾಗಿಲಲ್ಲಿ ಒಳಗೆ ಹೋಗುತ್ತದೆ, ಒಗೆದದ್ದು ಈ ಬದಿಯ ಬಾಗಿಲಲ್ಲಿ ಹೊರಗೆ ಬರುತ್ತದೆ. ಕೊಳೆ ಬದಿಯವರು ಶುಚಿ ಬದಿಗೆ ಕಾಲಿಡುವಂತಿಲ್ಲ. ಅಲ್ಲಿ ಮೂಟೆ ಬಿಚ್ಚಿ ಬಟ್ಟೆ ಬೇರ್ಪಡಿಸುವ ಒಬ್ಬ ಮುದುಕಿ ಇದ್ದಾಳೆ, ನಾವೆಲ್ಲ ಮೂಟೆ ಚಿಕ್ಕಮ್ಮ ಅನ್ನುತ್ತೇವೆ. ಇಪ್ಪತ್ತೆರಡು ವರ್ಷದಿಂದ ಆಕೆ ಗೋಡೆಯ ಈ ಕಡೆ ಏನಿದೆ ಎಂದು ಕಣ್ಣಾರೆ ನೋಡಿಲ್ಲ.

ನನ್ನ ಜಾಗ ಇಸ್ತ್ರಿ ರೋಲರ್. ಆಳುದ್ದಕ್ಕಿಂತ ಉದ್ದದ ಕಬ್ಬಿಣದ ಉರುಳೆ, ಒಳಗೆ ಕಾದ ಆವಿ. ಈ ಕಡೆ ಇಬ್ಬರು ಒದ್ದೆ ಶೀಟಿನ ಎರಡು ಮೂಲೆ ಹಿಡಿದು, ಬಿಗಿಯಾಗಿ ಎಳೆದು, ಸುಕ್ಕಿಲ್ಲದಂತೆ ಉರುಳೆಯ ಬಾಯಿಗೆ ಕೊಡಬೇಕು. ಆ ಕಡೆ ಇಬ್ಬರು ಬಿಸಿ ಶೀಟು ಹಿಡಿದು ಮಡಚಬೇಕು. ನಾಲ್ಕು ಮೂಲೆಗೆ ನಾಲ್ಕು ಜನ. ಒಬ್ಬಳು ಕೈ ಬಿಟ್ಟರೆ ಉಳಿದ ಮೂವರೂ ನಿಲ್ಲಬೇಕು. ಉಚ್ಚೆಗೆ ಹೋಗಬೇಕಾದರೂ ನಾಲ್ವರೂ ಒಪ್ಪಿ ಒಟ್ಟಿಗೆ ಹೋಗಬೇಕು.

ಆರು ಗಂಟೆಗೆ ರೋಲರ್ ಕಾಯಿಸುತ್ತಾರೆ. ಕಾದ ಮೇಲೆ ಮೊದಲ ಲೋಡು ವಾರ್ಡುಗಳಿಗೆ ಹೋಗುವವರೆಗೆ ಅದನ್ನು ನಿಲ್ಲಿಸುವುದಿಲ್ಲ. ಮೊದಲ ಲೋಡು ಹೋಗುವುದು ಹನ್ನೊಂದೂವರೆಗೆ. ಆಗ ನಾವು ಡ್ರೈಯರುಗಳ ಹಿಂದಿನ ಓಣಿಯಲ್ಲಿ ಕೂತು ಡಬ್ಬಿ ಬಿಚ್ಚುತ್ತೇವೆ. ಅದಕ್ಕೆ ಮುಂಚೆ ಯಾರೂ ಬಾಯಿಗೆ ಏನೂ ಹಾಕುವುದಿಲ್ಲ. ಇದನ್ನು ಮೇಸ್ತ್ರಿ ಮಾಡಿದ್ದಲ್ಲ, ನಾವೇ ಮಾಡಿಕೊಂಡದ್ದು. ಒಬ್ಬಳು ತಿನ್ನಲು ಹೋದರೆ ಮೂವರು ಕಾದ ಕಬ್ಬಿಣದ ಮುಂದೆ ಸುಮ್ಮನೆ ಬೇಯಬೇಕಲ್ಲ, ಆ ಮರ್ಯಾದೆಗೆ. ಮೊದಲ ಲೋಡಿಗೆ ಮುಂಚೆ ಹಸಿವು ಅಂದವಳನ್ನು ನಾವು ನಾವೇ ಗೇಲಿ ಮಾಡಿ ನೀರಿಳಿಸುತ್ತಿದ್ದೆವು.

ಹೀಗಿರುವಾಗ ನನಗೆ ಸಕ್ಕರೆ ಕಾಯಿಲೆ ಬಂತು. ಮೂಟೆ ಚಿಕ್ಕಮ್ಮ ಕೇಳಿ ನಕ್ಕಳು. "ನಿನಗಾ ಸಕ್ಕರೆ? ಮಾತಲ್ಲಿ ಒಂದು ಚೂರೂ ಕಾಣಲ್ವಲ್ಲೇ" ಅಂದಳು. ಮೊದಲು ಮಾತ್ರೆ ಕೊಟ್ಟರು. ಆಮೇಲೆ ಮಾತ್ರೆಗೆ ಬಗ್ಗುವುದಿಲ್ಲ ಎಂದು ಇನ್ಸುಲಿನ್ ಸೂಜಿ ಬರೆದರು. ಡಾಕ್ಟರು ನನ್ನ ಮುಖ ನೋಡಿದ್ದು ಎರಡು ಸಲ, ಒಳಗೆ ಬಂದಾಗ ಮತ್ತು ಹೊರಗೆ ಹೋಗುವಾಗ. ಚೀಟಿಯಲ್ಲಿ 'ಬೆಳಗಿನ ತಿಂಡಿಗೆ ಅರ್ಧ ಗಂಟೆ ಮುಂಚೆ, ರಾತ್ರಿ ಊಟಕ್ಕೆ ಅರ್ಧ ಗಂಟೆ ಮುಂಚೆ' ಎಂದಿತ್ತು. ಸಕ್ಕರೆ ಬಿಡಿ ಅಂದರು, ಬೆಳಗಿನ ಚಹಾದ ಸಕ್ಕರೆಯನ್ನೂ ಬಿಟ್ಟೆ.

ಚೀಟಿ ಓದಿ ನಾನು ನನ್ನ ಲೆಕ್ಕ ಹಾಕಿದೆ. ತಿಂಡಿ ಹನ್ನೊಂದೂವರೆಗೆ. ಅದಕ್ಕೆ ಅರ್ಧ ಗಂಟೆ ಮುಂಚೆ ಅಂದರೆ ಹನ್ನೊಂದಕ್ಕೆ ರೋಲರ್ ಬಿಟ್ಟು, ಬೀಗ ಹಾಕಿದ ಕಪಾಟಿನಿಂದ ಸೂಜಿ ತಂದು, ಬಟ್ಟೆ ಎತ್ತಿ ಹೊಟ್ಟೆಗೆ ಚುಚ್ಚಿಕೊಳ್ಳಬೇಕು. ಅದು ಆಗದ ಮಾತು. ಅದಕ್ಕೆ 'ಬೆಳಗಿನ' ಎನ್ನುವುದನ್ನು ಹಿಡಿದುಕೊಂಡೆ, 'ತಿಂಡಿಗೆ' ಎನ್ನುವುದನ್ನು ಬಿಟ್ಟೆ. ಐದೂವರೆಗೆ ಮನೆಯಲ್ಲೇ ಚುಚ್ಚಿಕೊಂಡು ಹೊರಟುಬಿಡುತ್ತಿದ್ದೆ. ಮದ್ದು ಒಳಗೆ ಹೋದರಾಯಿತು, ತುತ್ತು ಯಾವಾಗ ಹೋದರೇನು ಎಂದುಕೊಂಡಿದ್ದೆ. ಏಳು ಗಂಟೆಗೆ ತಿಂಡಿ ತಿನ್ನುವ ಜನ ಇಂಥ ತಪ್ಪು ಮಾಡುವುದಿಲ್ಲ, ಮಾಡಬೇಕಾದ ಪ್ರಸಂಗವೇ ಅವರಿಗೆ ಬರುವುದಿಲ್ಲ.

ಹನ್ನೆರಡನೆಯ ದಿನ ಬಿದ್ದೆ. ಮೊದಲು ಕೈ ನಡುಗಿತು. ಶೀಟಿನ ಅಂಚು ಎರಡೆರಡಾಗಿ ಕಂಡಿತು. ನನ್ನ ಜೊತೆ ಮೂಲೆ ಹಿಡಿಯುವ ಜೊತೆಗಾತಿ ಏನೋ ಕೇಳಿದಳು, ನಾನು ಏನೋ ಅಂದೆ, ಅದು ಮಾತಾಗಿ ಬರಲಿಲ್ಲ. ಬೀಳುವಾಗ ಬಲಗೈ ಉರುಳೆಗೆ ತಾಗಿತು. ಮೊಣಕೈಯಿಂದ ಮಣಿಕಟ್ಟಿನವರೆಗೆ ಚರ್ಮ ಅಲ್ಲೇ ಅಂಟಿಕೊಂಡಿತು. ಜೊತೆಗಾತಿ ಗುಂಡಿ ಒತ್ತಿ ಯಂತ್ರ ನಿಲ್ಲಿಸದಿದ್ದರೆ ಕೈಯೇ ಒಳಗೆ ಹೋಗುತ್ತಿತ್ತು.

ತುರ್ತು ವಿಭಾಗದವರು ಬೆರಳು ಚುಚ್ಚಿ ನೋಡಿ ಸಕ್ಕರೆ ಪೂರ್ತಿ ಇಳಿದಿದೆ ಅಂದರು. ಸೂಜಿ ಹಾಕಿಕೊಂಡು ಯಾಕಮ್ಮ ತಿನ್ನಲಿಲ್ಲ ಎಂದು ಬೈದರು. ತಿನ್ನದೆ ಇದ್ದರೆ ಸೂಜಿ ಕೊಲ್ಲುತ್ತದೆ ಎಂದು ನನಗೆ ಗೊತ್ತಾದದ್ದು ಆ ಮಂಚದ ಮೇಲೆ. ಅದಕ್ಕೆ ಮುಂಚೆ ಯಾರೂ ಹೇಳಿರಲಿಲ್ಲ. ಆ ಮಂಚಕ್ಕೆ ಹಾಸಿದ್ದ ಶೀಟು ನಾನೇ ಇಸ್ತ್ರಿ ಮಾಡಿದ್ದು.

ಕೆಳಗೆ ಬಂದರೆ ಮೇಸ್ತ್ರಿ ಅಷ್ಟರಲ್ಲಿ ಬರೆದಾಗಿತ್ತು. ಕುಡಿದದ್ದಲ್ಲ, ಕಾಯಿಲೆ ಎಂದು ಚೀಟಿ ತೋರಿಸಿದೆ. ಬರೆದದ್ದನ್ನು ಹೊಡೆದುಹಾಕುವಂತಿಲ್ಲ ಅಂದರು. ಇನ್ನೊಂದು ಸಲ ಬಿದ್ದರೆ ಕೆಲಸ ಇಲ್ಲ, ಕಾಯಿಲೆಯೋ ಕುಡಿತವೋ ಅದು ನಿನ್ನ ಮನೆ ವಿಷಯ ಅಂದರು.

ಮತ್ತೆ ಡಾಕ್ಟರ ಹತ್ತಿರ ಹೋದೆ. ನಾನು ಹನ್ನೊಂದೂವರೆಗೆ ತಿನ್ನುವವಳು, ಸೂಜಿ ಯಾವಾಗ ಹಾಕಿಕೊಳ್ಳಬೇಕು, ಎಷ್ಟು ಹಾಕಿಕೊಳ್ಳಬೇಕು ಎಂದು ಕೇಳಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವರೇ ಹೇಳಿದರು, ಅದನ್ನೆಲ್ಲ ಸಕ್ಕರೆ ಕಾಯಿಲೆಯವರ ಕೋರ್ಸಿನಲ್ಲಿ ಹೇಳಿಕೊಡುತ್ತಾರೆ. ತುತ್ತಿನ ಜೊತೆಗೇ ಹಾಕಿಕೊಳ್ಳುವ ಬೇರೆ ಇನ್ಸುಲಿನ್ ಇದೆ, ಪೆನ್ನಿನಂಥ ಸೂಜಿಯಲ್ಲಿ ಬರುತ್ತದೆ, ಅದು ನಿನಗೆ ಸರಿಹೋಗುತ್ತದೆ. ಆದರೆ ತಿನ್ನುವುದಕ್ಕೆ ತಕ್ಕಂತೆ ಅಳತೆ ನೀನೇ ಹಾಕಿಕೊಳ್ಳಬೇಕು, ತಪ್ಪಿದರೆ ಅಪಾಯ. ಕೋರ್ಸು ಮುಗಿಸಿದ ಕಾಗದ ತಂದರೆ ಮಾತ್ರ ಬರೆದುಕೊಡುತ್ತೇನೆ.

ಇಷ್ಟೇ ವಿಷಯ. ನನಗೆ ಆ ಪಾಠ ಬೇಕಿತ್ತು. ಪಾಠ ಸಿಕ್ಕರೆ ಪೆನ್ನು, ಪೆನ್ನು ಸಿಕ್ಕರೆ ಬೀಳದೆ ನಿಲ್ಲುವುದು, ನಿಂತರೆ ಕೆಲಸ. ಪಾಠ ನಡೆಯುತ್ತಿದ್ದದ್ದು ನನ್ನ ತಲೆಯ ಮೇಲೆ, ಇದೇ ಕಟ್ಟಡದ ಎರಡನೇ ಮಹಡಿಯಲ್ಲಿ. ಮೆಟ್ಟಿಲು ಹತ್ತಿದರೆ ಮೂರು ನಿಮಿಷ. ಆ ಮೂರು ನಿಮಿಷದ ದಾರಿ ನಡೆಯಲು ನನಗೆ ಏಳು ತಿಂಗಳು ಹಿಡಿಯಿತು.

ಮೊದಲು ಕೌಂಟರಿಗೆ ಹೋದೆ. ಅಲ್ಲಿ ಒಬ್ಬ ಹುಡುಗಿ ಕಂಪ್ಯೂಟರ್ ನೋಡುತ್ತಲೇ ಮಾತಾಡುತ್ತಾಳೆ. ಕೋರ್ಸು ಮಂಗಳವಾರ ಹತ್ತರಿಂದ ಒಂದು, ನಾಲ್ಕು ವಾರ, ಒಂದು ವಾರ ತಪ್ಪಿದರೂ ಮತ್ತೆ ಮೊದಲಿನಿಂದ ಅಂದಳು. ಸಂಜೆ ಇಲ್ಲವೇ ಎಂದೆ. ಇಲ್ಲ. ಭಾನುವಾರ ಇಲ್ಲವೇ ಎಂದೆ. ಇಲ್ಲ. ನಾನು ಇಲ್ಲೇ ಕೆಳಗೆ ಕೆಲಸ ಮಾಡುವವಳು ಎಂದೆ. ಆಗ ಅವಳ ಮುಖ ಅರಳಿತು. ಹಾಗಾದರೆ ಸಿಬ್ಬಂದಿಗೆ ಬೇರೆ ಕೋರ್ಸು ಇದೆ, ಕೆಲಸದ ವೇಳೆಯಲ್ಲೇ, ಸಂಬಳ ಹಿಡಿಯುವುದಿಲ್ಲ ಅಂದಳು. ನನ್ನ ಗುರುತಿನ ಚೀಟಿ ತೋರಿಸಿದೆ. ಮುಖ ಮತ್ತೆ ಮುಚ್ಚಿತು. ನೀವು ಗುತ್ತಿಗೆಯವರು, ನಮ್ಮ ಸಿಬ್ಬಂದಿ ಅಲ್ಲ ಅಂದಳು.

ಹದಿನಾಲ್ಕು ವರ್ಷ ನಾನು ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಓಡಾಡುವವರು ಸಿಬ್ಬಂದಿ. ನಾನು ಅಲ್ಲ. ಗುತ್ತಿಗೆದಾರನ ಆಫೀಸಿಗೆ ಹೋಗಿ ಕೇಳಿದೆ. ಕಾಯಿಲೆ ಕಸಾಲೆ ಎಲ್ಲ ಆಸ್ಪತ್ರೆಯವರ ಪಾಲು, ನಮಗೆ ಸಂಬಂಧವಿಲ್ಲ ಎಂದು ಅವರು ಕೈ ತೊಳೆದುಕೊಂಡರು.

ಮಂಗಳವಾರದ ಕೋರ್ಸಿಗೇ ಹೆಸರು ಬರೆಸಿ ಮೇಸ್ತ್ರಿಯನ್ನು ಬೇಡಿಕೊಂಡೆ. ನಾಲ್ಕೇ ವಾರ, ಮೂರೇ ಗಂಟೆ. ರೋಲರಿಗೆ ನಾಲ್ಕನೇ ಕೈ ಎಲ್ಲಿಂದ ತರಲಿ ಅಂದರು. ಮೂಟೆ ಚಿಕ್ಕಮ್ಮ ತಾನು ಬಂದು ನಿಲ್ಲುತ್ತೇನೆ ಎಂದು ಗೋಡೆಯಾಚೆಯಿಂದ ಹೇಳಿ ಕಳಿಸಿದಳು. ಕೊಳೆ ಬದಿಯವಳು ಶುಚಿ ಬದಿಗೆ ಬರುವಂತಿಲ್ಲ ಅಂದರು. ಸ್ನಾನ ಮಾಡಿ ಬಟ್ಟೆ ಬದಲಿಸಿ ಬರುತ್ತಾಳೆ ಎಂದೆ. ಸ್ನಾನ ಮಾಡಿದರೆ ಕೊಳೆ ಹೋಗುತ್ತದೆ, ನಿಯಮ ಹೋಗುತ್ತದೆಯೇ ಅಂದರು. ತಾವು ಏನೋ ಚಂದದ ಮಾತಾಡಿದೆವು ಎಂಬಂತೆ ನಕ್ಕರು. ನನಗೆ ಮೈ ಉರಿದುಹೋಯಿತು.

ಕೌಂಟರಿನ ಹುಡುಗಿ ಸೀಟು ಖಾಲಿಯಾದಾಗ ಫೋನ್ ಮಾಡುತ್ತೇವೆ ಅಂದಿದ್ದಳು. ನಮ್ಮ ಫೋನು ಕೆಲಸದ ಹೊತ್ತಿನಲ್ಲಿ ಕಪಾಟಿನಲ್ಲಿರುತ್ತದೆ. ಅವರು ಫೋನ್ ಮಾಡುವುದೂ ಕೆಲಸದ ಹೊತ್ತಿನಲ್ಲೇ. ಮೂರು ಸಲ ಮಾಡಿದರಂತೆ. ನಾನು ಮೂರು ಗಂಟೆಗೆ ಬಿಟ್ಟ ಮೇಲೆ ತಿರುಗಿ ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎಂದು ಯಂತ್ರ ಹಾಡುತ್ತಿತ್ತು, ಮನುಷ್ಯರು ಸಿಗುತ್ತಿರಲಿಲ್ಲ. ಕೊನೆಗೆ ಕೌಂಟರಿಗೇ ಹೋದೆ. ನನ್ನ ಹೆಸರಿನ ಮುಂದೆ 'ಆಸಕ್ತಿ ಇಲ್ಲ' ಎಂದು ಬರೆದು ಹೊಡೆದುಹಾಕಿದ್ದರು. ಅದನ್ನು ಓದಿ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನೂ ಸಿಟ್ಟು ಬಂತು.

ಆನ್‌ಲೈನ್ ಕೋರ್ಸಿಗೆ ಸೇರಿ, ಮನೆಯಲ್ಲೇ ಕೂತು ಕಲಿಯಬಹುದು ಅಂದಳು ಹುಡುಗಿ. ಅದಕ್ಕೆ ಬೇಕಾದ ಫೋನು ಇದ್ದದ್ದು ಮಗಳ ಹತ್ತಿರ. ಮಗಳು ಔಷಧಿ ಅಂಗಡಿಯಲ್ಲಿ ಬಿಲ್ಲು ಹಾಕುತ್ತಾಳೆ, ಫೋನಿಲ್ಲದೆ ಅವಳ ಕೆಲಸ ನಡೆಯುವುದಿಲ್ಲ. ಆದರೂ ಪಾಠದ ದಿನ ಬಿಟ್ಟುಹೋದಳು. ನಾನು ಸಂಬಳ ಕಡಿಸಿಕೊಂಡು ರಜೆ ಹಾಕಿದೆ. ಹೋಗುವ ಮುಂಚೆ ಅವಳು ಎಲ್ಲಿ ಒತ್ತಬೇಕು ಎಂದು ಮೂರು ಸಲ ತೋರಿಸಿದಳು. ಇವಳಿಗೆ ಅಕ್ಷರ ಕಲಿಸಿದವಳು ನಾನು, ಈಗ ಇವಳೇ ನನ್ನ ಬೆರಳು ಹಿಡಿದು ಕಲಿಸಬೇಕಾಯಿತಲ್ಲ ಎಂದು ಇಬ್ಬರೂ ನಕ್ಕೆವು.

ಪಾಠ ಹೇಳುವ ಸಿಸ್ಟರ್ ಒಳ್ಳೆಯವರಂತೆಯೇ ಕಂಡರು. ಮೆಲ್ಲಗೆ, ನಗುತ್ತ ಮಾತಾಡುತ್ತಿದ್ದರು. ತಟ್ಟೆಯ ಚಿತ್ರ ತೋರಿಸಿದರು. ಇಷ್ಟು ತರಕಾರಿ, ಇಷ್ಟು ಹಣ್ಣು, ಎರಡೆರಡು ಗಂಟೆಗೆ ಸ್ವಲ್ಪ ಸ್ವಲ್ಪ ತಿನ್ನಿ ಅಂದರು. ಊಟವಾದ ಮೇಲೆ ಹತ್ತು ನಿಮಿಷ ಹಾಯಾಗಿ ನಡೆಯಿರಿ ಅಂದರು. ಕಾಲಿಗೆ ಬಿಗಿಯಾದ ಬೂಟು ಬೇಡ ಅಂದರು. ನಾವು ಒದ್ದೆ ನೆಲದ ಮೇಲೆ ಎಂಟು ಗಂಟೆ ನಿಲ್ಲುವುದು ಗುತ್ತಿಗೆದಾರ ಕೊಟ್ಟ ರಬ್ಬರ್ ಬೂಟಿನಲ್ಲಿ, ಅದರಲ್ಲಿ ಇರುವುದೇ ಎರಡು ಅಳತೆ. ಆಮೇಲೆ ಅವರು, ತಲೆ ಸುತ್ತಿದರೆ ತಕ್ಷಣ ಬಾಯಿಗೆ ಹಾಕಿಕೊಳ್ಳಲು ಜೇಬಿನಲ್ಲಿ ಯಾವಾಗಲೂ ಒಂದು ಸಿಹಿ ಇಟ್ಟುಕೊಳ್ಳಿ ಅಂದರು.

ನಮ್ಮ ಅಂಗಿಗೆ ಜೇಬಿಲ್ಲ. ಯಾರೋ ಒಬ್ಬಳು ಹಿಂದೆ ಯಾವಾಗಲೋ ಕರ್ಚೀಫು ಕದ್ದಳಂತೆ, ಅಂದಿನಿಂದ ಜೇಬಿಲ್ಲದೆ ಹೊಲಿಸುತ್ತಾರೆ. ಅದನ್ನು ಹೇಳಲು ಬಾಯಿ ತೆರೆದೆ. ನನ್ನ ಮಾತು ಅವರಿಗೆ ಕೇಳದಂತೆ ಮಾಡಿದ್ದರು, ಪ್ರಶ್ನೆ ಇದ್ದರೆ ಬರೆದು ಕಳಿಸಿ ಅಂದರು. ಸುಟ್ಟ ಕೈಗೆ ಬ್ಯಾಂಡೇಜು. ಎಡಗೈಯ ಒಂದು ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತಿದೆ. 'ನಾನು ಹನ್ನೊಂದೂವ' ಎನ್ನುವವರೆಗೆ ಬಂದಿದ್ದೆ. ಎಲ್ಲರಿಗೂ ಧನ್ಯವಾದ, ಮುಂದಿನ ವಾರ ಸಿಗೋಣ ಎಂದು ಪರದೆ ಕಪ್ಪಾಯಿತು.

ಮುಂದಿನ ವಾರ ಮೇಸ್ತ್ರಿ ರಜೆ ಕೊಡಲಿಲ್ಲ. ಡಬ್ಬಿಯ ಚೀಲದಲ್ಲಿ ಮಗಳ ಫೋನು ಅಡಗಿಸಿಕೊಂಡು ಹೋಗಿ, ಹನ್ನೊಂದೂವರೆಗೆ ಓಣಿಯಲ್ಲಿ ಕೂತು ಒತ್ತಿದೆ. ಪಾಠ ಹನ್ನೊಂದಕ್ಕೆ ಶುರುವಾಗಿತ್ತು. ಹತ್ತು ನಿಮಿಷ ತಡವಾದವರನ್ನು ಸೇರಿಸುವುದಿಲ್ಲ ಎಂದು ಬಂತು. ಮೂರನೇ ವಾರ ಅದೂ ಬರಲಿಲ್ಲ. ಹೆಸರು ಅಲ್ಲಿಂದಲೂ ಹೋಗಿತ್ತು.

ಅಷ್ಟರಲ್ಲಿ ನಾನು ನನ್ನದೇ ವೈದ್ಯ ಮಾಡಿಕೊಂಡಿದ್ದೆ. ಕೆಲಸದ ದಿನ ಬೆಳಗಿನ ಸೂಜಿಯನ್ನೇ ಬಿಟ್ಟೆ. ಬೀಳಲಿಲ್ಲ, ನಿಜ. ಆದರೆ ಗಂಟಲು ಒಣಗಿ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಕುಡಿದ ನೀರು ನಿಲ್ಲುತ್ತಿರಲಿಲ್ಲ. ನಾಲ್ವರಲ್ಲಿ ನನಗೊಬ್ಬಳಿಗೆ ಗಂಟೆಗೊಮ್ಮೆ ಉಚ್ಚೆ. ಎರಡು ಸಲ ಹೋಗಲಾಗದೆ ನಿಂತಲ್ಲೇ ಆಯಿತು. ಒದ್ದೆ ನೆಲ, ಒದ್ದೆ ಶೀಟು, ಯಾರಿಗೂ ಗೊತ್ತಾಗಲಿಲ್ಲ ಎಂದುಕೊಂಡೆ. ಜೊತೆಗಾತಿ ಒಂದು ಮಾತೂ ಆಡದೆ ಬಕೆಟ್ಟು ತಂದು ನನ್ನ ಕಾಲಿಗೆ ನೀರು ಸುರಿದಳು. ಐವತ್ತರ ಹತ್ತಿರದ ಹೆಂಗಸು ನಾನು. ಆ ದಿನ ಯಾರ ಮುಖವನ್ನೂ ನೋಡಲಾಗಲಿಲ್ಲ.

ಕೈಯ ಗಾಯ ಒಣಗಲಿಲ್ಲ. ಬೇರೆಯವರಿಗಾದರೆ ಮೂರು ವಾರದಲ್ಲಿ ಮಾಯುವುದು ನನಗೆ ಐದು ತಿಂಗಳಾದರೂ ಹಸಿಯಾಗಿಯೇ ಇತ್ತು. ರಾತ್ರಿಯ ಸೂಜಿ ಮಾತ್ರ ಹಾಕಿಕೊಂಡು ಬೆಳಗಿನದನ್ನು ಬಿಟ್ಟರೆ ಹೀಗಾಗುತ್ತದೋ, ಅರ್ಧ ಹಾಕಿಕೊಂಡರೆ ಏನಾಗುತ್ತದೋ, ಕೇಳಲು ಯಾರೂ ಇರಲಿಲ್ಲ. ಕೇಳಿದರೆ ಎಲ್ಲರ ಬಾಯಲ್ಲೂ ಒಂದೇ ಮಾತು, ಕೋರ್ಸಿನಲ್ಲಿ ಹೇಳುತ್ತಾರೆ.

ಏಳನೇ ತಿಂಗಳು ಒಂದು ಶುಕ್ರವಾರ ಮೇಸ್ತ್ರಿ ತಮ್ಮ ಗಾಜಿನ ಕೋಣೆಗೆ ಕರೆದರು. ಕೂತುಕೊ ಅಂದರು. ಹದಿನಾಲ್ಕು ವರ್ಷದಲ್ಲಿ ಆ ಕೋಣೆಯ ಕುರ್ಚಿ ನನಗೆ ಸಿಕ್ಕಿದ್ದು ಅದೇ ಮೊದಲು, ಆಗಲೇ ಎಚ್ಚರವಾಗಬೇಕಿತ್ತು. ಮುಂದಿನ ತಿಂಗಳು ತಪಾಸಣೆಯವರು ಬರುತ್ತಾರಂತೆ. ಯಂತ್ರದ ಮೇಲೆ ಬಿದ್ದವರ ವಿಷಯದಲ್ಲಿ ಏನು ಕ್ರಮ ತೆಗೆದುಕೊಂಡಿರಿ ಎಂದು ಕೇಳುತ್ತಾರಂತೆ. ಮೇಲಿನ ಕೋರ್ಸಿನವರಿಗೂ ಹೆಸರು ಬರೆಸಿದವರಲ್ಲಿ ಎಷ್ಟು ಜನ ಮುಗಿಸಿದರು ಎಂಬ ಲೆಕ್ಕ ಕೊಡಬೇಕಂತೆ. ಮೇಸ್ತ್ರಿ ಹೋಗಿ ಕೌಂಟರಿನಲ್ಲಿ ಮಾತಾಡಿ ಬಂದಿದ್ದರು. ಮೇಜಿನ ಮೇಲೆ ದಪ್ಪ ಕಾಗದ, ಮೇಲೆ ಆಸ್ಪತ್ರೆಯ ಮುದ್ರೆ, ನಡುವೆ ನನ್ನ ಹೆಸರು.

"ತಗೋ, ನಿನ್ನ ಕೋರ್ಸ್ ಮುಗೀತು. ಆನ್‌ಲೈನಲ್ಲಿ ಮಾಡಿದೆಯಲ್ಲ, ಅದನ್ನೇ ಹಿಡ್ಕೊಂಡಿದ್ದಾರೆ. ಇಲ್ಲೊಂದು ರುಜು ಹಾಕು. ನಾಳೇನೇ ಡಾಕ್ಟರಿಗೆ ತೋರ್ಸಿ ಹೊಸ ಪೆನ್ನು ಬರೆಸ್ಕೋ" ಅಂದರು.

ರುಜು ಹಾಕುವ ಪೆನ್ನು ಕೈಗೆ ತೆಗೆದುಕೊಂಡೆ. ಸುಳ್ಳು ಯಾಕೆ ಹೇಳಲಿ, ತೆಗೆದುಕೊಂಡೆ. ಏಳು ತಿಂಗಳು ಕಾಲಿಗೆ ಚಕ್ರ ಕಟ್ಟಿಕೊಂಡು ಅಲೆದದ್ದು ಈ ಕಾಗದಕ್ಕೇ. ರುಜು ಹಾಕಿದರೆ ನಾಳೆ ಔಷಧಿ. ಗಾಯ ಮಾಯಬಹುದು. ಮಗಳು ನಿದ್ದೆಯಿಂದ ಎದ್ದೆದ್ದು ನನ್ನ ಉಸಿರು ನೋಡುವುದು ತಪ್ಪಬಹುದು. ಆದರೆ ಓದದೆ ರುಜು ಹಾಕಬೇಡ ಎಂದು ಆ ಮಗಳೇ ಹೇಳಿದ್ದಳು. ಓದಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಎರಡು ಸಾಲು ಇದ್ದವು. 'ಇನ್ಸುಲಿನ್ ಅಳತೆ, ಸಮಯ ಮತ್ತು ಅಪಾಯಗಳ ಬಗ್ಗೆ ನನಗೆ ಸಂಪೂರ್ಣವಾಗಿ ಕಲಿಸಲಾಗಿದೆ. ಮುಂದೆ ಇದರಿಂದ ಆಗುವ ಯಾವುದೇ ತೊಂದರೆಗೆ ನಾನೇ ಹೊಣೆ.'

ಅದನ್ನು ಗಟ್ಟಿಯಾಗಿ ಓದಿದೆ. ಮೇಸ್ತ್ರಿ ಗಾಜಿನಾಚೆ ನೋಡಿದರು.

"ಅಳತೆ ಹಾಕೋದು ನನಗೆ ಯಾರು ಹೇಳ್ಕೊಟ್ರು?" ಎಂದೆ.

"ಅದೆಲ್ಲ ಬರೆಯೋ ಕ್ರಮ ಕಣಮ್ಮ. ಎಲ್ಲರ ಕಾಗದದಲ್ಲೂ ಇರುತ್ತೆ."

"ನಾಳೆ ಹೊಸ ಪೆನ್ನು ಹಾಕ್ಕೊಂಡು ನಾನು ಮತ್ತೆ ರೋಲರ್ ಮೇಲೆ ಬಿದ್ರೆ?"

ಅವರು ಕಾಗದವನ್ನು ನನ್ನ ಕಡೆ ಇನ್ನಷ್ಟು ಸರಿಸಿದರು. ಮೊದಲ ಸಲ ಬಿದ್ದಾಗ ಕುಡುಕಿ ಎಂದು ಬರೆದರು. ಎರಡನೇ ಸಲ ಬಿದ್ದರೆ ಬರೆಯುವ ಕಷ್ಟವೂ ಇಲ್ಲ, ಈ ಕಾಗದ ತೆಗೆದು ತೋರಿಸಿದರೆ ಸಾಕು. ಕಲಿಸಿದ್ದೆವು, ಅವಳೇ ಕಲಿಯಲಿಲ್ಲ. ಕೈ ಹೋದರೂ ನನ್ನ ತಪ್ಪು, ಜೀವ ಹೋದರೂ ನನ್ನ ತಪ್ಪು. ನಾನು ಪೆನ್ನನ್ನು ಮೇಜಿನ ಮೇಲಿಟ್ಟೆ.

"ಪಾಠ ಆಗಿಲ್ಲ. ರುಜು ಹಾಕಲ್ಲ."

ಮೇಸ್ತ್ರಿಯ ದನಿ ಬದಲಾಯಿತು. ಕೈಗೆ ಬಂದದ್ದನ್ನು ಒದೆಯುವ ದುರಹಂಕಾರ ಎಂದರು. ಈ ಕೆಲಸಕ್ಕೆ ಗೇಟಿನ ಹೊರಗೆ ಎಷ್ಟು ಜನ ನಿಂತಿದ್ದಾರೆ ಗೊತ್ತಾ ಎಂದರು. ನಿಲ್ಲಲಿ ಎಂದು ಎದ್ದು ಬಂದೆ. ರೋಲರಿನ ಮುಂದೆ ನಿಂತ ಮೇಲೆ ಹೆದರಿಕೆ ಹತ್ತಿತು.

ಮಂಗಳವಾರ ಬೆಳಿಗ್ಗೆ, ರೋಲರ್ ಕಾಯುವ ಮುಂಚೆ, ಓಣಿಯಲ್ಲಿ ಜೊತೆಯವರಿಗೆ ವಿಷಯ ಹೇಳಿದೆ. ಹತ್ತಕ್ಕೆ ನಾನು ಮೂಲೆ ಬಿಡುತ್ತೇನೆ, ಮೇಲೆ ಹೋಗಿ ಪಾಠಕ್ಕೆ ಕೂರುತ್ತೇನೆ. ನಿಮ್ಮ ಮೂವರಿಗೂ ಬೈಗಳು ಬೀಳುತ್ತದೆ, ಬೇಡ ಅಂದರೆ ಈಗಲೇ ಹೇಳಿ ಎಂದೆ. ಒಬ್ಬಳು ನೆಲ ನೋಡಿದಳು. ಅವಳ ಗಂಡನಿಗೆ ಕೆಲಸವಿಲ್ಲ, ನಾನು ತಪ್ಪು ತಿಳಿಯಲಿಲ್ಲ. ಜೊತೆಗಾತಿ ಮಾತ್ರ ಹೇಳಿದಳು, "ನೀನು ಬಿದ್ದ ದಿನ ನಿನ್ನ ಕೈ ಬಿಡಿಸಿದ್ದು ನಾನು. ವಾಸನೆ ಇನ್ನೂ ಮೂಗಲ್ಲಿದೆ. ಇನ್ನೊಂದು ಸಲ ನನ್ನ ಕೈಲಾಗಲ್ಲ. ಹೋಗು."

ಹತ್ತು ಗಂಟೆಗೆ ಒಂದು ಶೀಟು ಪೂರ್ತಿ ಒಳಗೆ ಹೋಗುವವರೆಗೆ ಹಿಡಿದು, ಆಮೇಲೆ ಕೈ ಬಿಟ್ಟೆ. ಉರುಳೆ ಬರಿದಾಗಿ ತಿರುಗಿತು. ನಾನು ಹಿಂದಿನ ಮೆಟ್ಟಿಲು ಹತ್ತಲಿಲ್ಲ. ರೋಗಿಗಳು, ಡಾಕ್ಟರುಗಳು ಹತ್ತುವ ಮುಂದಿನ ಲಿಫ್ಟಿಗೇ ಹೋಗಿ ನಿಂತೆ. ಒದ್ದೆ ಅಂಗಿ, ರಬ್ಬರ್ ಬೂಟು. ಒಳಗಿದ್ದವರು ಮೈ ಒತ್ತಿಕೊಂಡು ಜಾಗ ಬಿಟ್ಟರು. ಅದು ಗೌರವಕ್ಕಲ್ಲ ಎಂದು ನನಗೂ ಗೊತ್ತು.

ಕೋಣೆಯಲ್ಲಿ ಹನ್ನೆರಡು ಕುರ್ಚಿ, ಒಂಬತ್ತು ಜನ. ಮೂರು ಕುರ್ಚಿ ಖಾಲಿ. ಸೀಟಿಲ್ಲ ಎಂದು ನನ್ನನ್ನು ಕಾಯಿಸಿದ ಕೋಣೆ ಅದು. ಖಾಲಿ ಕುರ್ಚಿಗಳನ್ನು ನೋಡಿದ ಕೂಡಲೇ ಇದ್ದ ಹೆದರಿಕೆಯೂ ಹಾರಿಹೋಯಿತು. ಮುಂದಿನ ಸಾಲಿನಲ್ಲಿ ಹೋಗಿ ಕೂತೆ.

ಪಾಠ ಹೇಳುತ್ತಿದ್ದವರು ಪರದೆಯಲ್ಲಿ ಕಂಡಿದ್ದ ಸಿಸ್ಟರೇ. ಬಟ್ಟೆ ತೆಗೆದುಕೊಂಡು ಹೋಗಲು ಬಂದಿದ್ದೀರಾ, ಆಮೇಲೆ ಬನ್ನಿ ಅಂದರು. ಪಾಠಕ್ಕೆ ಬಂದಿದ್ದೇನೆ ಎಂದು ಹೆಸರು ಹೇಳಿದೆ. ಪಟ್ಟಿ ನೋಡಿದರು. ಇನ್ನೊಂದು ಪಟ್ಟಿ ತೆಗೆದರು.

"ನಿಮ್ಮದು ಮುಗಿದಿದೆಯಲ್ಲಮ್ಮ. ಕೋರ್ಸ್ ಪೂರೈಸಿದವರ ಪಟ್ಟಿಯಲ್ಲಿದೆ ನಿಮ್ಮ ಹೆಸರು."

ರುಜು ಇಲ್ಲದೆಯೂ ಬರೆದುಕೊಂಡಿದ್ದರು. ಕೂಗಬೇಕು ಅನ್ನಿಸಿತು, ಆ ಪಟ್ಟಿ ಹರಿದು ಎಸೆಯಬೇಕು ಅನ್ನಿಸಿತು. ಕೂಗಿದರೆ ಮತ್ತೆ ಕುಡುಕಿ ಅನ್ನುತ್ತಾರೆ. ಕುರ್ಚಿಯ ಅಂಚು ಹಿಡಿದುಕೊಂಡು ಮೆಲ್ಲಗೆ ಹೇಳಿದೆ.

"ಮುಗಿದಿದ್ರೆ ನನಗೆ ಗೊತ್ತಿರಬೇಕಲ್ಲ ಸಿಸ್ಟರ್. ನಾನು ಐದೂವರೆಗೆ ಮನೆ ಬಿಡ್ತೀನಿ. ಹನ್ನೊಂದೂವರೆಗೆ ಮೊದಲ ತುತ್ತು. ಅಲ್ಲಿವರೆಗೆ ಕಾದ ಕಬ್ಬಿಣದ ಮುಂದೆ ನಿಂತಿರ್ತೀನಿ. ಸೂಜಿ ಯಾವಾಗ ಹಾಕ್ಕೊಳ್ಳಲಿ? ಎಷ್ಟು ಹಾಕ್ಕೊಳ್ಳಲಿ? ನನಗೆ ಗೊತ್ತಿಲ್ಲ. ನೀವು ಹೇಳಿ."

ಹಿಂದಿನ ಸಾಲಿನಲ್ಲಿ ಒಬ್ಬ ದಪ್ಪ ಮೀಸೆಯ ಮನುಷ್ಯ ಕೆಮ್ಮಿದ. ಬಸ್ಸು ಓಡಿಸುತ್ತಿದ್ದವನಂತೆ. ತನ್ನ ಪ್ರಶ್ನೆಯೂ ಅದೇ ಆಗಿತ್ತು ಎಂದ. "ಬಸ್ಸು ನಡುದಾರಿಯಲ್ಲಿ ನಿಲ್ಲಿಸಿ ತಿನ್ನೋಕಾಗುತ್ತಾ? ಸ್ಟಿಯರಿಂಗ್ ಮೇಲೆ ತಲೆ ಇಟ್ಟೆ, ಕೆಲಸ ಹೋಯ್ತು. ಕೆಲಸ ಹೋದ ಮೇಲೆ ಮಂಗಳವಾರ ಬಿಡುವಾಯ್ತು ನೋಡಿ, ಅದಕ್ಕೆ ಇಲ್ಲಿಗೆ ಬರೋಕಾಯ್ತು." ಒಂದಿಬ್ಬರು ನಕ್ಕರು. ಅವನು ನಗಲಿಲ್ಲ.

ಸಿಸ್ಟರ್ ತಮ್ಮ ಪುಸ್ತಕ ತೆಗೆದರು. ದಪ್ಪ ಪುಸ್ತಕ, ಬಣ್ಣ ಬಣ್ಣದ ಹಾಳೆ. ಮೊದಲಿನಿಂದ ತಿರುವಿದರು, ಹಿಂದಿನಿಂದ ತಿರುವಿದರು. ಬೆಳಗಿನ ತಿಂಡಿ ಎಂದಿದ್ದಲ್ಲಿ ಬೆರಳಿಟ್ಟು ನಿಂತರು. ಆ ಹಾಳೆಯಲ್ಲಿ ಗಡಿಯಾರದ ಚಿತ್ರವಿತ್ತು, ಅದರ ಮುಳ್ಳು ಎಂಟರ ಮೇಲೆ. ಅವರ ಮುಖದ ನಗು ಹೋಗಿತ್ತು.

"ಇದರಲ್ಲಿ ಇಲ್ಲ. ಆರು ಗಂಟೆ ಹಸಿದು ದುಡಿಯೋರ ವಿಷಯ ಇದರಲ್ಲಿ ಬರೆದಿಲ್ಲ. ನನಗೂ ಗೊತ್ತಿಲ್ಲ" ಅಂದರು. ದನಿ ಸಣ್ಣದಾಗಿತ್ತು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಏಳು ತಿಂಗಳು ಬಾಗಿಲು ಬಾಗಿಲು ತಟ್ಟಿದ್ದು, ರಜೆ ಹಾಕಿದ್ದು, ನಿಂತಲ್ಲೇ ಉಚ್ಚೆ ಹೊಯ್ದುಕೊಂಡದ್ದು, ಬೈಸಿಕೊಂಡದ್ದು, ಎಲ್ಲ ಈ ಪುಸ್ತಕಕ್ಕೆ. ಇದರಲ್ಲಿ ನಾನೇ ಇರಲಿಲ್ಲ. ಬಂದಿದ್ದರೂ ಇವರು ನನಗೆ ಹಣ್ಣಿನ ಚಿತ್ರ ತೋರಿಸಿ ಕಳಿಸುತ್ತಿದ್ದರು. ಆದರೆ ಆ ಸಿಸ್ಟರ್ ಗೊತ್ತಿಲ್ಲ ಅಂದರಲ್ಲ, ಅಷ್ಟನ್ನು ಕೂಡ ಇಲ್ಲಿಯವರೆಗೆ ಯಾರೂ ಅಂದಿರಲಿಲ್ಲ.

"ಹಾಗಾದ್ರೆ ಬರ್ಕೊಳ್ಳಿ" ಎಂದೆ. "ನಾವು ಎಷ್ಟೊತ್ತಿಗೆ ಏಳ್ತೀವಿ, ಏನು ಎತ್ತುತ್ತೀವಿ, ಎಷ್ಟೊತ್ತಿಗೆ ತಿಂತೀವಿ, ನಾನು ಹೇಳ್ತೀನಿ. ಡಾಕ್ಟರನ್ನೂ ಕರೆಸಿ. ಲೆಕ್ಕ ಹಾಕಿ ಹೇಳೋವರೆಗೆ ನಾನು ಏಳಲ್ಲ."

ಬಾಗಿಲ ಹತ್ತಿರ ಬೂಟಿನ ಸದ್ದಾಯಿತು. ಮೇಸ್ತ್ರಿ. ಏದುಸಿರು ಬಿಡುತ್ತಿದ್ದರು. ಮೂವರೂ ಕೈ ಕಟ್ಟಿ ನಿಂತಿದ್ದಾರೆ, ಬೇರೆಯವಳನ್ನು ಮೂಲೆಗೆ ನಿಲ್ಲಿಸಿದರೆ ಶೀಟು ಹಿಡಿಯುವುದಿಲ್ಲ ಅನ್ನುತ್ತಿದ್ದಾರೆ, ಆಪರೇಷನ್ ವಾರ್ಡಿನವರು ಎರಡು ಸಲ ಫೋನ್ ಮಾಡಿದರು ಅಂದರು. ಈಗ ಎದ್ದು ಬಂದರೆ ಸರಿ, ಇಲ್ಲದಿದ್ದರೆ ನಾಳೆಯಿಂದ ಬರಬೇಡ ಅಂದರು. ಎಲ್ಲರ ಕಣ್ಣೂ ನನ್ನ ಮೇಲಿತ್ತು.

ಸಿಸ್ಟರ್ ಮೇಸ್ತ್ರಿಯನ್ನು ನೋಡಿದರು, ನನ್ನನ್ನು ನೋಡಿದರು. ಬಣ್ಣದ ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟು ಒಂದು ಖಾಲಿ ಹಾಳೆ ಎಳೆದುಕೊಂಡರು.

ನಾನು ಬಾಗಿಲ ಕಡೆ ತಿರುಗಲಿಲ್ಲ. "ಬೆಳಿಗ್ಗೆ ನಾಲ್ಕೂಮುಕ್ಕಾಲಿಗೆ ಏಳ್ತೀನಿ" ಎಂದು ಶುರು ಮಾಡಿದೆ. ಸಿಸ್ಟರ್ ಬರೆದುಕೊಂಡರು.